ಮನವಿ ಉಂಟು, ಕುರ್ಚಿ ಇಲ್ಲ: ಗಡಿನಾಡ ಕನ್ನಡಿಗರು ಮತ್ತು ರಾಜ್ಯ ರಾಜ್ಯಗಳ ನಡುವಿನ ನೀತಿ ನಿರೂಪಣೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಆಯ್ದ ಪ್ರಶ್ನೋತ್ತರಗಳಿವೆ.)

ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂತ ಭಾವಿಸ್ತೇನೆ. ಇಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುವುದುಂಟು, ಹಾಗೇನಾದರೂ ಆದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ನಾನು ಕನ್ನಡ ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿ. ಊರು ಕಾಸರಗೋಡು ಜಿಲ್ಲೆಯ ಎಡನೀರು. ಸಾಹಿತ್ಯದ ವಿದ್ಯಾರ್ಥಿ ಆಯೋಗ, ಮಂಡಳಿ, ಕಾಯಿದೆ ಅಂತ ಮಾತಾಡುವುದು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನನ್ನ ಕಾರಣ ಸರಳ. ನಮ್ಮ ಕಡೆ ಕಳೆದ 70 ವರ್ಷಗಳಲ್ಲಿ ಹೆಚ್ಚು ಬರೆಯಲ್ಪಟ್ಟ, ಕಡಿಮೆ ಓದಲ್ಪಟ್ಟ ಕನ್ನಡ ಗದ್ಯ ಯಾವುದು ಅಂತ ಕೇಳಿದರೆ ಅದು ಕಾದಂಬರಿಯಲ್ಲ, ಪ್ರಬಂಧವೂ ಅಲ್ಲ, ಮನವಿಪತ್ರ. ಜಿಲ್ಲಾಧಿಕಾರಿಗೆ, ಮುಖ್ಯಮಂತ್ರಿಗೆ, ಕೇಂದ್ರದ ಗೃಹಮಂತ್ರಿಗೆ, ಬಂದ ಆಯೋಗಕ್ಕೆಲ್ಲ ಒಂದೊಂದು ಮನವಿ. ಬರೆದವರು ಮಾಷ್ಟ್ರುಗಳು, ವಕೀಲರು, ಕವಿಗಳು, ಕೃಷಿಕರು. ಎರಡು ಸರಕಾರಗಳ ನಡುವೆ ತೀರ್ಮಾನ ಆಗುವಲ್ಲಿ ಸರಕಾರದ ಹೊರಗಿನ ಜನ ಬಾಯಿ ಹಾಕಬಹುದಾ, ಹಾಕಿದರೆ ಯಾವ ಬಾಗಿಲಿಂದ, ಅದರಿಂದ ಏನಾಯಿತು? ಇವತ್ತಿನ ನನ್ನ ಪ್ರಶ್ನೆ ಇಷ್ಟೇ. ರಾಜ್ಯಶಾಸ್ತ್ರದವರು ಇದಕ್ಕೆ 'ಅಂತರ್ ಸರಕಾರಿ ನೀತಿ ನಿರೂಪಣೆಯಲ್ಲಿ ನಾಗರಿಕ ಸಮಾಜದ ಪಾಲ್ಗೊಳ್ಳುವಿಕೆ' ಅನ್ನುತ್ತಾರೆ. ನಮ್ಮಲ್ಲಿ 'ಮನವಿ ಕೊಟ್ಟು ಬಂದೆವು' ಅನ್ನುತ್ತಾರೆ.

1. ಎಡನೀರಿನ ಒಂದು ಅರ್ಜಿ

ಎಡನೀರು ಅಂದ ಕೂಡಲೇ ಕಾನೂನು ಓದಿದವರಿಗೆ ನೆನಪಾಗುವುದು ಕೇಶವಾನಂದ ಭಾರತಿ ಪ್ರಕರಣ. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲಿ, ಚೆಂಗಳ ಪಂಚಾಯತಿನ ಈ ಊರಿನ ಮಠಾಧಿಪತಿಗಳಾಗಿದ್ದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾಯಿದೆಯ ವಿರುದ್ಧ 1970ರ ಮಾರ್ಚಿನಲ್ಲಿ ನೇರ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಕಾಯಿದೆಯನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿದ 29ನೇ ತಿದ್ದುಪಡಿ ಊರ್ಜಿತವಾಯಿತು. ಮಠ ಹೋದ ಕೆಲಸ ಆಗಲಿಲ್ಲ, ದೇಶಕ್ಕೆ ಒಂದು ಸಿದ್ಧಾಂತ ಸಿಕ್ಕಿತು.

ಈ ಕಥೆ ಎಲ್ಲರಿಗೂ ಗೊತ್ತುಂಟು. ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ನ್ಯಾಯಾಲಯದಲ್ಲಿ ಅರ್ಜಿದಾರನಿಗೆ ಒಂದು ಸ್ಥಾನ ಉಂಟು. ಅವನ ಹೆಸರು ಕಡತದ ಮೇಲೆ ಇರುತ್ತದೆ, ಅವನ ಪರವಾಗಿ ವಾದ ನಡೆಯುತ್ತದೆ, ಸೋತರೂ ಗೆದ್ದರೂ ಕಾರಣ ಕೊಟ್ಟು ಉತ್ತರ ಬರುತ್ತದೆ. ಇದೇ ಊರಿನ ಸುತ್ತಮುತ್ತಲಿನ ಸಾವಿರಾರು ಜನ ಅದಕ್ಕಿಂತ ಎಷ್ಟೋ ಮೊದಲೇ 'ನಮ್ಮನ್ನು ಯಾವ ರಾಜ್ಯಕ್ಕೆ ಸೇರಿಸುತ್ತೀರಿ, ನಮ್ಮ ಮಕ್ಕಳಿಗೆ ಯಾವ ಭಾಷೆಯಲ್ಲಿ ಕಲಿಸುತ್ತೀರಿ' ಅಂತ ಕೇಳಿದರಲ್ಲ, ಅವರಿಗೆ ಅಂಥ ಸ್ಥಾನ ಎಲ್ಲಿಯೂ ಇರಲಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಹೋಗೋಣ.

2. ಆಯೋಗ ಊರಿಗೆ ಬಂದಾಗ

1953ರ ಡಿಸೆಂಬರಿನಲ್ಲಿ ರಾಜ್ಯ ಪುನರ್‌ವಿಂಗಡಣಾ ಆಯೋಗ ನೇಮಕವಾಯಿತು. ಅಧ್ಯಕ್ಷರು ಫಜಲ್ ಅಲಿ, ಸದಸ್ಯರು ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್. ಸರಕಾರದ ಹೊರಗಿನವರ ಮಾತು ಕೇಳುವ ವಿಷಯದಲ್ಲಿ ಈ ಆಯೋಗದ ಲೆಕ್ಕ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಬಂದ ಪತ್ರಗಳು 1,52,250. ಅವುಗಳಲ್ಲಿ ಆಳವಾಗಿ ಯೋಚಿಸಿ ಬರೆದ ಮನವಿಗಳು ಸುಮಾರು 2,000 ಅಂತ ಆಯೋಗವೇ ಹೇಳಿಕೊಂಡಿತು. 104 ಸ್ಥಳಗಳಿಗೆ ಹೋಗಿ 9,000ಕ್ಕೂ ಹೆಚ್ಚು ಜನರನ್ನು ಕಂಡು ಮಾತಾಡಿತು.

ಆಗ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ದಕ್ಷಿಣ ತುದಿಯ ತಾಲೂಕು. ಕರ್ನಾಟಕದ ಏಕೀಕರಣ ಚಳವಳಿಗೆ ಈ ತಾಲೂಕು ಹೊರಗಿನದಾಗಿರಲಿಲ್ಲ. 1940ರ ದಶಕದ ಕೊನೆಯಲ್ಲಿ ತಿ.ತಾ. ಶರ್ಮರ ಅಧ್ಯಕ್ಷತೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಕಾಸರಗೋಡಿನಲ್ಲಿ. ರಾಷ್ಟ್ರಕವಿ ಗೋವಿಂದ ಪೈ ಇದ್ದದ್ದು ಮಂಜೇಶ್ವರದಲ್ಲಿ. ಕಯ್ಯಾರ ಕಿಞ್ಞಣ್ಣ ರೈಗಳು ಕವಿಯೂ ಹೌದು, ಅಧ್ಯಾಪಕರೂ ಹೌದು, ಚಳವಳಿಯ ಮುಂಚೂಣಿಯ ದನಿಯೂ ಹೌದು. ಅಂದರೆ ನಮ್ಮಲ್ಲಿ 'ನಾಗರಿಕ ಸಮಾಜ' ಅಂತ ಇದ್ದದ್ದು ಮುಖ್ಯವಾಗಿ ಶಾಲೆ, ಪತ್ರಿಕೆ, ಸಾಹಿತ್ಯ ಸಂಘ, ಯಕ್ಷಗಾನ ಕೂಟ, ವಕೀಲರ ಕಚೇರಿ ಇವುಗಳ ಜಾಲ.

ಕನ್ನಡದ ಪರ ವಾದದ ತಿರುಳು ಹೀಗಿತ್ತು: ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ ಶಾಲೆಯ ಭಾಷೆ ಕನ್ನಡ, ಕಚೇರಿಯ ಕಾಗದಪತ್ರದ ಭಾಷೆ ಕನ್ನಡ, ವ್ಯವಹಾರ ಮಂಗಳೂರಿನ ಜತೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಮಾತಾಡುವವರೂ ಓದು ಬರಹಕ್ಕೆ ಹಿಡಿದದ್ದು ಕನ್ನಡವನ್ನು. ಆದ್ದರಿಂದ ಹೊಳೆಯನ್ನು ಗಡಿ ಮಾಡಿ.

1955ರ ಸೆಪ್ಟೆಂಬರ್ 30ರಂದು ಒಪ್ಪಿಸಿದ ವರದಿಯಲ್ಲಿ ಆಯೋಗ ಇದನ್ನು ಒಪ್ಪಲಿಲ್ಲ. ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಅಂತ ಶಿಫಾರಸು ಮಾಡಿತು. ಪಣಿಕ್ಕರ್ ಮಲಯಾಳಿಯಾಗಿದ್ದುದರಿಂದ ಹೀಗಾಯಿತು ಅನ್ನುವ ಮಾತು ನಮ್ಮ ಕಡೆ ಇವತ್ತಿಗೂ ಕೇಳಿಬರುತ್ತದೆ. ನನಗೆ ಆ ವಿವರಣೆ ಸಾಲದು ಅನ್ನಿಸುತ್ತದೆ. ಕಾರಣ ವ್ಯಕ್ತಿಯಲ್ಲಿ ಹುಡುಕುವುದಕ್ಕಿಂತ ಅಳತೆಗೋಲಿನಲ್ಲಿ ಹುಡುಕಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಮೂರು ಸಂಗತಿ ಗಮನಿಸಿ. ಮೊದಲನೆಯದು, ಆಯೋಗ ಹಳ್ಳಿಯನ್ನು ಘಟಕವಾಗಿ ಹಿಡಿಯಲಿಲ್ಲ. ಜಿಲ್ಲೆ, ಹೆಚ್ಚೆಂದರೆ ತಾಲೂಕು ಅದರ ಲೆಕ್ಕದ ಘಟಕ. ಎರಡನೆಯದು, ಆಗಿನ ಕಾಸರಗೋಡು ತಾಲೂಕು ಈಗಿನ ಹೊಸದುರ್ಗ ತಾಲೂಕನ್ನೂ ಒಳಗೊಂಡು ಮಲಬಾರಿನ ಗಡಿಯವರೆಗೆ ಚಾಚಿತ್ತು. ದಕ್ಷಿಣದ ಮಲಯಾಳ ಪ್ರದೇಶ ಸೇರಿಸಿ ಸರಾಸರಿ ತೆಗೆದರೆ ಉತ್ತರದ ಕನ್ನಡ ಪ್ರದೇಶ ಅದರಲ್ಲಿ ಮುಳುಗಿ ಹೋಗುತ್ತದೆ. ಮೂರನೆಯದು, ಜನಗಣತಿ ಕೇಳುವುದು ಮಾತೃಭಾಷೆಯನ್ನು, ಮನವಿಗಳು ಹೇಳಿದ್ದು ಶಾಲೆಯ ಭಾಷೆಯನ್ನು. ಗಣತಿಯ ಕೋಷ್ಟಕದಲ್ಲಿ ತುಳು ಬೇರೆ, ಕೊಂಕಣಿ ಬೇರೆ, ಕನ್ನಡ ಬೇರೆ. ಮನವಿಯಲ್ಲಿ ಇವೆಲ್ಲ ಒಂದು.

ಹಾಗಾಗಿ ಮನವಿ ಬರೆದವರೂ ಓದಿದವರೂ ಒಂದೇ ನೆಲದ ಬಗ್ಗೆ ಎರಡು ಬೇರೆ ವ್ಯಾಕರಣದಲ್ಲಿ ಮಾತಾಡುತ್ತಿದ್ದರು. ಆಯೋಗ ಜನರ ಮಾತು ಕೇಳಲಿಲ್ಲ ಅನ್ನುವಂತಿಲ್ಲ. ಕೇಳಿತು. ಆದರೆ ಯಾವ ಘಟಕ, ಯಾವ ಭಾಷೆಯ ಲೆಕ್ಕ ಅನ್ನುವುದನ್ನು ನಿಶ್ಚಯಿಸುವಾಗ ಜನರನ್ನು ಕೇಳಲಿಲ್ಲ. ಪಾಲ್ಗೊಳ್ಳುವಿಕೆಯ ಬಗ್ಗೆ ಮಾತಾಡುವವರು ಇಲ್ಲೇ ಎಡವುವುದು ಅಂತ ನನ್ನ ಅಭಿಪ್ರಾಯ. ಸಾಕ್ಷಿ ಹೇಳಲು ಕರೆಯುವುದು ಬೇರೆ, ಅಳತೆಗೋಲು ಮಾಡುವಾಗ ಕರೆಯುವುದು ಬೇರೆ.

3. ಮತಪೆಟ್ಟಿಗೆ, ಆಮೇಲೆ ಇನ್ನೊಂದು ಆಯೋಗ

1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಯಿತು. ಚಳವಳಿ ನಿಲ್ಲಲಿಲ್ಲ, ದಾರಿ ಬದಲಿಸಿತು. 1957ರ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆರಿಸಿ ಬಂದರು. ಇಡೀ ರಾಜ್ಯದಲ್ಲಿ ಸ್ಪರ್ಧೆಯೇ ಇಲ್ಲದೆ ಗೆದ್ದದ್ದು ಅವರೊಬ್ಬರೇ. ಮುಂದೆ 1960ರಲ್ಲಿ, ಮತ್ತೆ 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಅಲ್ಲಿಂದ ಗೆದ್ದರು. ಮನವಿ ಓದದವರೂ ಮತಪೆಟ್ಟಿಗೆಯನ್ನು ಓದಲೇಬೇಕಲ್ಲ, ಆ ಲೆಕ್ಕಾಚಾರ ಅದರ ಹಿಂದೆ ಇತ್ತು.

1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. ಇದರ ಮೂಲ ಒತ್ತಡ ಬಂದದ್ದು ನಮ್ಮಿಂದಲ್ಲ, ಮಹಾರಾಷ್ಟ್ರದಿಂದ, ಬೆಳಗಾವಿಯ ವಿಷಯಕ್ಕೆ. ಮೈಸೂರು-ಮಹಾರಾಷ್ಟ್ರ ವಿವಾದದ ಜತೆಗೆ ಮೈಸೂರು-ಕೇರಳ ವಿವಾದವೂ ಅದರ ಪರಿಶೀಲನೆಗೆ ಬಂತು. ಗಮನಿಸಬೇಕಾದ ಸಂಗತಿ: ಆಗ ಕೇರಳದಲ್ಲಿ ಚುನಾಯಿತ ಸರಕಾರವೇ ಇರಲಿಲ್ಲ, ರಾಷ್ಟ್ರಪತಿ ಆಡಳಿತ ಇತ್ತು. 1967ರ ಮಾರ್ಚಿನಲ್ಲಿ ಇ.ಎಂ.ಎಸ್. ಅವರ ಸರಕಾರ ಬರುವ ಹೊತ್ತಿಗೆ ಆಯೋಗದ ಕೆಲಸ ನಡೆಯುತ್ತಾ ಇತ್ತು.

1967ರ ಆಗಸ್ಟಿನಲ್ಲಿ ಒಪ್ಪಿಸಿದ ವರದಿಯಲ್ಲಿ ಮಹಾಜನರು ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಶಿಫಾರಸು ಮಾಡಿದರು. ಎಡನೀರು ಆ ಭಾಗದಲ್ಲಿ ಬರುತ್ತದೆ. ಹತ್ತು ಹನ್ನೆರಡು ವರ್ಷ ಮೊದಲು ತಿರಸ್ಕೃತವಾದ ಅದೇ ಹೊಳೆಯ ವಾದ ಈ ಬಾರಿ ಗೆದ್ದಿತು. ಅಳತೆಗೋಲು ಬದಲಾಯಿತು, ಉತ್ತರ ಬದಲಾಯಿತು.

ಆದರೆ ಗೆದ್ದು ಏನಾಯಿತು? ಬೆಳಗಾವಿ ಸಿಗದ ಮಹಾರಾಷ್ಟ್ರ ವರದಿಯನ್ನು ತಳ್ಳಿಹಾಕಿತು, ಕೇರಳವೂ ಒಪ್ಪಲಿಲ್ಲ, ಕೇಂದ್ರ ಜಾರಿ ಮಾಡಲಿಲ್ಲ. 'ಮಹಾಜನ ವರದಿಯೇ ಅಂತಿಮ' ಅನ್ನುವುದು ಕರ್ನಾಟಕದ ಅಧಿಕೃತ ನಿಲುವಾಗಿ ಉಳಿಯಿತು. ಈ ಮಾತು ಹೆಚ್ಚಾಗಿ ಕೇಳುವುದು ಬೆಳಗಾವಿಯ ಸುದ್ದಿ ಎದ್ದಾಗ. ಕಾಸರಗೋಡು ಆ ವಾಕ್ಯದ ಬಾಲಕ್ಕೆ ಕಟ್ಟಿದ ಗಂಟು. ನಮ್ಮ ಹಿರಿಯರು ಸಾಕ್ಷಿ ಹೇಳಿ ಪಡೆದ ಶಿಫಾರಸಿನ ಮೇಲೆ ಅವರಿಗೇ ಹಕ್ಕು ಇರಲಿಲ್ಲ. ಅದನ್ನು ಮುಂದಕ್ಕೆ ಒಯ್ಯುವುದೂ ಬಿಡುವುದೂ ರಾಜ್ಯಗಳ ಕೈಯಲ್ಲಿತ್ತು.

4. ಖಾಯಂ ಮಂಡಳಿ, ಮುಚ್ಚಿದ ಬಾಗಿಲು

ಆಯೋಗಗಳು ಬರುತ್ತವೆ, ಹೋಗುತ್ತವೆ. ಖಾಯಂ ವ್ಯವಸ್ಥೆ ಒಂದುಂಟು, ನಮ್ಮಲ್ಲಿ ಅದರ ಬಗ್ಗೆ ಚರ್ಚೆ ತೀರಾ ಕಡಿಮೆ. ಅದು ವಲಯ ಮಂಡಳಿ. ಪುನರ್‌ವಿಂಗಡಣಾ ವರದಿಯ ಚರ್ಚೆಯ ಕಾಲದಲ್ಲಿ, 1955ರ ಕೊನೆಗೆ, ನೆಹರೂ ಸೂಚಿಸಿದ ಯೋಜನೆ. ಭಾಷಾವಾರು ರಾಜ್ಯಗಳಾದ ಮೇಲೆ ನೆರೆಹೊರೆಯವರು ಕೂತು ಮಾತಾಡಲು ಒಂದು ಜಗಲಿ ಬೇಕು ಅಂತ. 1956ರ ರಾಜ್ಯ ಪುನರ್‌ವಿಂಗಡಣಾ ಕಾಯಿದೆಯ 15ರಿಂದ 22ನೇ ಕಲಮುಗಳಲ್ಲಿ ಅದರ ರಚನೆ ಉಂಟು.

21ನೇ ಕಲಮನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಮಂಡಳಿ ಚರ್ಚಿಸಬಹುದಾದ ವಿಷಯಗಳಲ್ಲಿ ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ, ಈ ಮೂರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿದ್ದಾರೆ. ಕಾಸರಗೋಡಿಗೇ ಬರೆದ ಹಾಗೆ ಉಂಟು! ಆದರೆ ಯಾರು ಕೂರುತ್ತಾರೆ ನೋಡಿ. ಅಧ್ಯಕ್ಷರು ಕೇಂದ್ರದ ಮಂತ್ರಿ, ಸಾಮಾನ್ಯವಾಗಿ ಗೃಹಮಂತ್ರಿ. ಪ್ರತಿ ರಾಜ್ಯದಿಂದ ಮುಖ್ಯಮಂತ್ರಿ ಮತ್ತು ಇಬ್ಬರು ಮಂತ್ರಿಗಳು. ಸಲಹೆಗಾರರಾಗಿ ಯೋಜನಾ ಆಯೋಗ ಇದ್ದ ಕಾಲದಲ್ಲಿ ಅದರ ಒಬ್ಬರು, ಪ್ರತಿ ರಾಜ್ಯದ ಮುಖ್ಯ ಕಾರ್ಯದರ್ಶಿ ಮತ್ತು ಅಭಿವೃದ್ಧಿ ಆಯುಕ್ತರು. ಅಷ್ಟೇ. ಭಾಷಾ ಅಲ್ಪಸಂಖ್ಯಾತರ ವಿಷಯ ಚರ್ಚೆಗೆ ಉಂಟು, ಭಾಷಾ ಅಲ್ಪಸಂಖ್ಯಾತರಿಗೆ ಕುರ್ಚಿ ಇಲ್ಲ.

ಇನ್ನೂ ಒಂದು ವಿಚಿತ್ರ. ಮೂಲ ಕಾಯಿದೆಯಲ್ಲಿ ದಕ್ಷಿಣ ವಲಯ ಅಂದರೆ ಆಂಧ್ರ, ಮದರಾಸು, ಕೇರಳ. ಮೈಸೂರನ್ನು ಮುಂಬಯಿಯ ಜತೆ ಪಶ್ಚಿಮ ವಲಯಕ್ಕೆ ಹಾಕಿದ್ದರು. ಅಂದರೆ ಕಾಸರಗೋಡು ವಿವಾದ ಅತ್ಯಂತ ಬಿಸಿಯಾಗಿದ್ದ ವರ್ಷಗಳಲ್ಲಿ ಅದರ ಎರಡು ಕಕ್ಷಿಗಳು ಕಾಯಿದೆಯ ಪ್ರಕಾರ ಒಂದೇ ಜಗಲಿಯವರಾಗಿರಲಿಲ್ಲ. ಅಕ್ಕಪಕ್ಕದ ವಲಯಗಳ ಜಂಟಿ ಸಭೆಗೆ 22ನೇ ಕಲಮಿನಲ್ಲಿ ಅವಕಾಶ ಇತ್ತು ನಿಜ, ಆದರೆ ಅದನ್ನು ಕರೆಯುವವರೂ ಸರಕಾರಗಳೇ. ಕರ್ನಾಟಕ ದಕ್ಷಿಣ ವಲಯಕ್ಕೆ ಬಂದದ್ದು ಆಮೇಲೆ.

ಈಚಿನ ಉದಾಹರಣೆ ಕೊಡುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ದಕ್ಷಿಣ ವಲಯ ಮಂಡಳಿಯ ಸಭೆ ಕೇರಳದಲ್ಲೇ ನಡೆಯಿತು. ಅದೇ ತಿಂಗಳು ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಬೆಂಗಳೂರಿನಲ್ಲಿ ಭೇಟಿಯಾದರು. ಸಿಲ್ವರ್‌ಲೈನ್ ರೈಲು ಮಂಗಳೂರಿಗೆ ಮುಂದುವರಿಯಬೇಕಾ, ಕಾಞಂಗಾಡು-ಪಾಣತ್ತೂರು-ಕಾಣಿಯೂರು ರೈಲುಮಾರ್ಗಕ್ಕೆ ಕರ್ನಾಟಕ ಒಪ್ಪುತ್ತದಾ ಅನ್ನುವ ಮಾತುಕತೆ. ಕರ್ನಾಟಕ ಒಪ್ಪಲಿಲ್ಲ. ಹೌದು, ಇಲ್ಲ ಎರಡಕ್ಕೂ ಕಾರಣಗಳು ಇರಬಹುದು. ಆದರೆ ಆ ರೈಲು ಹಾದುಹೋಗುವ ನೆಲದ, ಅದರಲ್ಲಿ ಓಡಾಡಬೇಕಾದ ಜನರ ಮಾತು ಆ ಮೇಜಿಗೆ ತಲುಪಬೇಕಾದರೆ ಒಂದೋ ತಿರುವನಂತಪುರದ ಬಾಯಲ್ಲಿ, ಇಲ್ಲವೇ ಬೆಂಗಳೂರಿನ ಬಾಯಲ್ಲಿ ಹೋಗಬೇಕು. ತಿರುವನಂತಪುರಕ್ಕೆ ನಾವು ಒಂದು ಜಿಲ್ಲೆಯ ಉತ್ತರದ ಮೂಲೆ. ಬೆಂಗಳೂರಿಗೆ ನಾವು ಹೊರನಾಡ ಕನ್ನಡಿಗರು. ನಮ್ಮದೇ ಬಾಯಿ ಎಲ್ಲಿಯೂ ಇಲ್ಲ.

5. ಸದ್ದಿಲ್ಲದೆ ಸಿಕ್ಕಿದ್ದು

ಇಷ್ಟು ಹೇಳಿ ಎಲ್ಲವೂ ಸೋಲು ಅಂದರೆ ಚರಿತ್ರೆಗೆ ಅನ್ಯಾಯ ಆಗುತ್ತದೆ. ಗಡಿಯ ಗದ್ದಲದ ನಡುವೆ ಸದ್ದಿಲ್ಲದೆ ಕೆಲವು ಸಂಗತಿ ನಡೆದವು.

ಸಂವಿಧಾನದ 350ನೇ ವಿಧಿ ಮೊದಲಿನಿಂದಲೂ ಇತ್ತು. ಯಾವ ಅಧಿಕಾರಿಗೇ ಆಗಲಿ, ಆಯಾ ಆಡಳಿತದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು. ಮನವಿಪತ್ರಕ್ಕೇ ಒಂದು ವಿಧಿ ಉಂಟು ಅನ್ನುವುದು ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಬಹಳ ಇಷ್ಟವಾದ ಸಂಗತಿ. 1956ರ ಏಳನೇ ತಿದ್ದುಪಡಿ ಅದಕ್ಕೆ ಎರಡು ಸೇರಿಸಿತು: 350ಎ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ, 350ಬಿ, ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿ. ಈ ಅಧಿಕಾರಿಯ ವರದಿ ಸಂಸತ್ತಿನ ಮುಂದೆ ಬರಬೇಕು, ರಾಜ್ಯಗಳಿಗೆ ಹೋಗಬೇಕು. 1957ರಲ್ಲಿ ಬಿ. ಮಲಿಕ್ ಮೊದಲ ಆಯುಕ್ತರಾದರು.

1959ರಲ್ಲಿ ದಕ್ಷಿಣ ವಲಯ ಮಂಡಳಿಯ ಮಂತ್ರಿಗಳ ಸಮಿತಿ ಕೆಲವು ತೀರ್ಮಾನ ಮಾಡಿತು. ಅದರಲ್ಲಿ ಒಂದು ನೋಡಲಿಕ್ಕೆ ತೀರಾ ಸಣ್ಣದು. ಶಾಲಾ ವರ್ಷ ಶುರುವಾಗುವುದಕ್ಕೆ ಮೂರು ತಿಂಗಳು ಮೊದಲು ಶಾಲೆಗಳಲ್ಲಿ ಒಂದು ರಿಜಿಸ್ಟರ್ ತೆರೆಯಬೇಕು. ಅಲ್ಪಸಂಖ್ಯಾತ ಭಾಷೆಯಲ್ಲಿ ಕಲಿಯಬೇಕಾದ ಮಕ್ಕಳ ಹೆಸರನ್ನು ಮೊದಲೇ ಬರೆದುಕೊಳ್ಳಬೇಕು. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳನ್ನು ಹೊಂದಿಸಬೇಕು. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರನ್ನು ಕೊಡಬೇಕು ಅನ್ನುವ 1949ರ ಸೂತ್ರಕ್ಕೆ ಇದು ಕೈಕಾಲು ಕೊಟ್ಟಿತು.

ಇದು ಯಾಕೆ ಮುಖ್ಯ? ಗಡಿಯ ಪ್ರಶ್ನೆಯಲ್ಲಿ ಜನರಿಂದ ಕೇಳಿದ್ದು ಸಾಕ್ಷ್ಯ ಮಾತ್ರ. ಈ ರಿಜಿಸ್ಟರಿನಲ್ಲಿ ತಂದೆತಾಯಿಯ ಸಹಿಯೇ ನೀತಿಯನ್ನು ಚಾಲೂ ಮಾಡುತ್ತದೆ. ಹತ್ತು ಜನ ಹೆಸರು ಬರೆಸಿದರೆ ಸರಕಾರಕ್ಕೆ ಒಂದು ಹೊಣೆ ಹುಟ್ಟುತ್ತದೆ. ಮಂಡಳಿಯಲ್ಲಿ ಕುರ್ಚಿ ಇಲ್ಲದವರಿಗೆ ಶಾಲೆಯ ಮೇಜಿನಲ್ಲಿ ಒಂದು ಗೆರೆ ಸಿಕ್ಕಿತು. ಮುಂದೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ, ಅದರ ತಿದ್ದುಪಡಿಗಳ ಮೂಲಕ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದ ಜತೆ ಪತ್ರವ್ಯವಹಾರ ಮಾಡುವ ಅವಕಾಶ ಬಂತು. ಲೋಕಸೇವಾ ಆಯೋಗದ ನೇಮಕದಲ್ಲಿ 'ಕನ್ನಡ ಮತ್ತು ಮಲಯಾಳ ಬಲ್ಲವರು' ಅನ್ನುವ ಪ್ರತ್ಯೇಕ ಹುದ್ದೆಗಳು ಬಂದವು.

ಚಳವಳಿಯ ನೆನಪಿನಲ್ಲಿ ಇವಕ್ಕೆ ಜಾಗ ಕಡಿಮೆ. ವಿಲೀನೀಕರಣದ ಭಾಷಣ ನಮಗೆ ಬಾಯಿಪಾಠ, ರಿಜಿಸ್ಟರಿನ ನಿಯಮ ಗೊತ್ತಿಲ್ಲ. 'ಇಲ್ಲಿ ನಾವು ತಾತ್ಕಾಲಿಕ, ನಾಳೆ ಕರ್ನಾಟಕಕ್ಕೆ ಸೇರುತ್ತೇವೆ' ಅನ್ನುವ ನಂಬಿಕೆ ಗಟ್ಟಿಯಾಗಿದ್ದಷ್ಟು ಕಾಲ, ಇರುವ ರಾಜ್ಯದ ನಿಯಮಗಳನ್ನು ಹಿಡಿದು ಎಳೆಯುವ ಅಭ್ಯಾಸ ಬೆಳೆಯಲಿಲ್ಲ ಅಂತ ನನ್ನ ಓದು ಹೇಳುತ್ತದೆ. ಇದನ್ನು ಹಿರಿಯರ ತ್ಯಾಗವನ್ನು ಸಣ್ಣದು ಮಾಡಲಿಕ್ಕೆ ಹೇಳುತ್ತಿಲ್ಲ. ಅವರ ಬಿಸಿಯಿಂದಲೇ ಈ ಸಣ್ಣ ನಿಯಮಗಳಿಗೂ ಬೆಲೆ ಬಂದದ್ದು.

6. ಮನವಿಯ 'ನಾವು' ಯಾರು?

ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಕೇಳಲೇಬೇಕಾದ ಪ್ರಶ್ನೆ ಇದು. 'ಈ ಭಾಗದ ಸಮಸ್ತ ಕನ್ನಡಿಗರ ಪರವಾಗಿ' ಅಂತ ಬರೆಯುವಾಗ ಆ ಸಮಸ್ತರು ಯಾರು?

ನಮ್ಮೂರಿನ ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಹವ್ಯಕ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕರಾಡ ಮರಾಠಿ, ಎಲ್ಲ ಕಿವಿಗೆ ಬೀಳುತ್ತದೆ. ಕೊರಗರ ಮಾತು ಬೇರೆಯೇ ಉಂಟು. ಒಂದೇ ಮನುಷ್ಯ ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ತುಳು, ಪತ್ರ ಬರೆಯುವಾಗ ಕನ್ನಡ. ಈ ಬದುಕನ್ನು ಗಣತಿಯ ಕೋಷ್ಟಕವೂ ಹಿಡಿಯಲಿಲ್ಲ, ಮನವಿಯೂ ಹಿಡಿಯಲಿಲ್ಲ. ಕೋಷ್ಟಕ ಅವನನ್ನು ಮೂರು ತುಂಡು ಮಾಡಿತು, ಮನವಿ ಅವನನ್ನು ಒಂದೇ ಬಣ್ಣದಲ್ಲಿ ಬಳಿಯಿತು.

ತುಳುವರು ಶಾಲೆಯ ಕನ್ನಡವನ್ನು ತಮ್ಮದು ಅಂತ ಒಪ್ಪಿಕೊಂಡದ್ದು ನಿಜ. ಆದರೆ ಶಾಲೆಗೇ ಹೋಗದವರು? ಗೇಣಿಗೆ ದುಡಿಯುವವರು, ಹೆಂಗಸರು, ಕೊರಗರು? ಶಾಲೆಯ ಭಾಷೆಯನ್ನೇ ಆಧಾರ ಮಾಡಿಕೊಂಡ ವಾದ ಸಹಜವಾಗಿಯೇ ಶಾಲೆ ಕಂಡವರ ವಾದ. ಭೂಸುಧಾರಣೆಯ ವಿಷಯ ಬಂದಾಗ ಗೇಣಿದಾರನಿಗೂ ಭೂಮಾಲಿಕನಿಗೂ ಒಂದೇ 'ನಾವು' ಸಾಲಲಿಲ್ಲ. ಕನ್ನಡ ಮಾತಾಡುವ ಗೇಣಿದಾರನಿಗೆ ಕೇರಳದ ಕಾಯಿದೆಯಿಂದ ನೆಲ ಸಿಕ್ಕಿತು ಅನ್ನುವುದನ್ನು ಬಿಟ್ಟು ಈ ಪ್ರದೇಶದ ಚರಿತ್ರೆ ಬರೆಯಲಾಗದು. ನಾಗರಿಕ ಸಮಾಜ ಅಂದ ಕೂಡಲೇ ಅದು ಸಮಾಜದ ಎಲ್ಲರೂ ಅಲ್ಲ, ಸರಕಾರದ ಕಡೆಗೆ ಹೇಳುವ ಪ್ರಶ್ನೆಯನ್ನೇ ಅದರ ಕಡೆಗೂ ತಿರುಗಿಸಬೇಕು.

7. 2020: ಮಣ್ಣು ಬಿದ್ದ ರಸ್ತೆ

ಇನ್ನು ಹತ್ತಿರದ ಚರಿತ್ರೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್ ಆಸುಪಾಸು. ತಿರುವನಂತಪುರಕ್ಕೆ 550 ಮೀರುತ್ತದೆ. ದೊಡ್ಡ ಕಾಯಿಲೆ ಬಂದರೆ ನಾವು ಮಂಗಳೂರಿಗೆ ಹೋಗುವವರು. 2020ರ ಮಾರ್ಚ್ ಕೊನೆಗೆ ಕೊರೋನಾದ ಹೆದರಿಕೆಯಲ್ಲಿ ಕರ್ನಾಟಕ ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಆಗ ಕಾಸರಗೋಡಿನಲ್ಲಿ ಸೋಂಕು ಹೆಚ್ಚಿತ್ತು, ಕರ್ನಾಟಕದ ವಾದಕ್ಕೆ ಆಧಾರ ಇರಲಿಲ್ಲ ಅನ್ನಲಾರೆ. ಆದರೆ ಕೊರೋನಾ ಇಲ್ಲದ ರೋಗಿಗಳೂ ಗಡಿಯಲ್ಲಿ ನಿಂತರು, ಕೆಲವರು ಜೀವ ಬಿಟ್ಟರು.

ಆಗ ನಡೆದ ಕ್ರಮ ನೋಡಿ. ವಕೀಲರ ಸಂಘ ಕೇರಳ ಹೈಕೋರ್ಟಿಗೆ ಹೋಯಿತು. ಏಪ್ರಿಲ್ 1ರಂದು ತಡೆ ತೆಗೆಸುವಂತೆ ಹೈಕೋರ್ಟ್ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಏರಿತು. ಕೇಂದ್ರದ ಆರೋಗ್ಯ ಕಾರ್ಯದರ್ಶಿ ಮತ್ತು ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ಕೂತು ಮಾನದಂಡ ಮಾಡಿ ಅಂತ ಏಪ್ರಿಲ್ 3ರಂದು ಅದು ಹೇಳಿತು. ಏಪ್ರಿಲ್ 7ಕ್ಕೆ ತುರ್ತು ರೋಗಿಗಳ ಓಡಾಟಕ್ಕೆ ಒಪ್ಪಂದ ಆಗಿದೆ ಅಂತ ನ್ಯಾಯಾಲಯಕ್ಕೆ ತಿಳಿಸಲಾಯಿತು.

ಒಂದು ವಾರದಲ್ಲಿ ತೀರ್ಮಾನ! ವಲಯ ಮಂಡಳಿಯ ಸಲಹೆಗಾರರ ಪಟ್ಟಿಯಲ್ಲಿರುವ ಅದೇ ಮುಖ್ಯ ಕಾರ್ಯದರ್ಶಿಗಳು. ಅವರನ್ನು ಕೂರಿಸಲು ಜನರು ನ್ಯಾಯಾಲಯದ ಬಾಗಿಲಿಂದ ಹೋಗಬೇಕಾಯಿತು. ಗಡಿ, ಅಲ್ಪಸಂಖ್ಯಾತರು, ಸಾರಿಗೆ ಅಂತ ಕಾಯಿದೆಯಲ್ಲಿ ಬರೆದಿಟ್ಟ ಜಗಲಿಗೆ ಆ ಹೊತ್ತಿನಲ್ಲಿ ಮೆಟ್ಟಿಲು ಇರಲಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ನಮ್ಮದು ಅಂತ ಭೂಪಟದಲ್ಲಿ ಕೇಳುತ್ತಾ ಬಂದ ರಾಜ್ಯವೇ ನಮ್ಮ ರಸ್ತೆಗೆ ಮಣ್ಣು ಹಾಕಿದಾಗ, ನಾಡು ಅಂದರೆ ನೆಲವಾ, ಜನವಾ ಅನ್ನುವ ಪ್ರಶ್ನೆ ನನ್ನ ತಲೆಮಾರಿನವರಲ್ಲಿ ಗಟ್ಟಿಯಾಗಿ ಎದ್ದಿತು.

8. ಕೊನೆಯ ಮಾತು

2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಮಕ್ಕಳೇ ಪ್ರತಿಭಟಿಸಿದರು. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಕೇರಳದ ಮುಖ್ಯಮಂತ್ರಿಗೆ ಪತ್ರ ಬರೆದರು. ಅಲ್ಪಸಂಖ್ಯಾತರಿಗೆ ರಕ್ಷಣೆಯ ಕಲಮು ಉಂಟು ಅಂತ ಕೇರಳ ಉತ್ತರ ಕೊಟ್ಟಿತು. ಪತ್ರ ಅಲ್ಲಿಂದ ಇಲ್ಲಿಗೆ, ಉತ್ತರ ಇಲ್ಲಿಂದ ಅಲ್ಲಿಗೆ. ನಡುವೆ ಇರುವ ಶಾಲೆಯ ಮಾಷ್ಟ್ರು ಅದನ್ನು ಪೇಪರಿನಲ್ಲಿ ಓದುತ್ತಾರೆ.

ನನ್ನ ವಾದವನ್ನು ಮೂರು ಮಾತಿನಲ್ಲಿ ಕಟ್ಟುತ್ತೇನೆ. ಒಂದು, ನಮ್ಮ ಜನರ ಪಾಲ್ಗೊಳ್ಳುವಿಕೆ ಬಲವಾಗಿದ್ದದ್ದು ತಾತ್ಕಾಲಿಕ ಆಯೋಗಗಳ ಎದುರು, ದುರ್ಬಲವಾಗಿದ್ದದ್ದು ಖಾಯಂ ಮಂಡಳಿಯ ಎದುರು. ಎರಡು, ಸಾಕ್ಷ್ಯ ಹೇಳುವ ಅವಕಾಶಕ್ಕಿಂತ ಘಟಕವನ್ನು, ಅಳತೆಯನ್ನು ಪ್ರಶ್ನಿಸುವ ಅವಕಾಶ ಹೆಚ್ಚಿನದು. 1955 ಮತ್ತು 1967ರ ಎರಡು ಉತ್ತರಗಳು ಅದಕ್ಕೆ ಸಾಕ್ಷಿ. ಮೂರು, ಜನರ ಸಹಿಯಿಂದ ಚಾಲೂ ಆಗುವ ಸಣ್ಣ ನಿಯಮಗಳು ದೊಡ್ಡ ಶಿಫಾರಸುಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ, ಆದರೆ ಬಳಸಿದರೆ ಮಾತ್ರ. ವಲಯ ಮಂಡಳಿಯಲ್ಲಿ ಭಾಷಾ ಅಲ್ಪಸಂಖ್ಯಾತರ ವಿಷಯ ಬಂದಾಗ ಆ ಸಮುದಾಯದವರ ಮಾತನ್ನು ನೇರ ಕೇಳುವ ಒಂದು ಕ್ರಮ ಬೇಕು. ಪಾಲಕ್ಕಾಡು, ಇಡುಕ್ಕಿಯ ತಮಿಳರಿಗೂ ಇದು ಬೇಕಾದದ್ದೇ.

ಇಷ್ಟು ಹೇಳಿ ನಿಲ್ಲಿಸುತ್ತೇನೆ.

ಪ್ರಶ್ನೋತ್ತರ

ಪ್ರಶ್ನೆ: ಹಾಗಾದರೆ ವಿಲೀನೀಕರಣದ ಬೇಡಿಕೆಯನ್ನು ಬಿಡಬೇಕು ಅಂತ ನಿಮ್ಮ ಅಭಿಪ್ರಾಯವೇ?

ಉತ್ತರ: ಅದು ನಾನೊಬ್ಬ ಹೇಳುವ ವಿಷಯ ಅಲ್ಲ, ಸರ್. ಮಹಾಜನ ವರದಿ ಒಂದು ಚಾರಿತ್ರಿಕ ದಾಖಲೆ, ಅದರ ತೂಕ ಅದಕ್ಕೆ ಉಂಟು. ನಾನು ಹೇಳಿದ್ದು, ಗಡಿ ಬದಲಾಗುವವರೆಗೆ ಒಂದನೇ ಕ್ಲಾಸಿನ ಮಗು ಕಾಯುವುದಿಲ್ಲ. ಅದಕ್ಕೆ ಈ ಜೂನಿಗೇ ಕನ್ನಡ ಬಲ್ಲ ಅಧ್ಯಾಪಕರು ಬೇಕು. ಎರಡೂ ಕೆಲಸ ಒಟ್ಟಿಗೆ ನಡೆಯಬಹುದು, ಒಂದರ ಹೆಸರಿನಲ್ಲಿ ಇನ್ನೊಂದು ನಿಲ್ಲಬಾರದು.

ಪ್ರಶ್ನೆ (ಚಾಟ್‌ನಲ್ಲಿ ಬಂದದ್ದು): ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವವರು ನಾವೇ ಅಲ್ಲವಾ? ಆಮೇಲೆ ಮಂಡಳಿಯಲ್ಲಿ ಕುರ್ಚಿ ಸಿಕ್ಕಿ ಏನು ಪ್ರಯೋಜನ?

ಉತ್ತರ: ಬಹಳ ನೇರ ಪ್ರಶ್ನೆ, ಧನ್ಯವಾದ. ರಿಜಿಸ್ಟರಿನಲ್ಲಿ ಹತ್ತು ಹೆಸರು ಬೇಕು ಅಂದೆನಲ್ಲ, ಆ ಹತ್ತು ಹೆಸರು ಬರೆಸಬೇಕಾದವರು ನಾವೇ. ಹಿಂದೆ ಮನವಿಗೆ ಸಾವಿರ ಸಹಿ ಸಿಗುತ್ತಿತ್ತು, ಈಗ ಒಂದನೇ ಕ್ಲಾಸಿಗೆ ಹತ್ತು ಸಹಿ ಕಷ್ಟ. ಆದರೆ ಪೋಷಕರನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ಕನ್ನಡದಲ್ಲಿ ಓದಿದವರಿಗೆ ಕೆಲಸ ಉಂಟು, ಕಚೇರಿಯಲ್ಲಿ ಅರ್ಜಿ ನಮೂನೆ ಕನ್ನಡದಲ್ಲಿ ಸಿಗುತ್ತದೆ ಅಂತ ಕಂಡರೆ ಹೆಸರುಗಳು ಬರುತ್ತವೆ. ಕುರ್ಚಿಯೂ ಬೇಕು, ರಿಜಿಸ್ಟರಿನಲ್ಲಿ ಹೆಸರೂ ಬೇಕು. ಮೊದಲನೆಯದಕ್ಕೆ ಎರಡು ಸರಕಾರಗಳು ಮನಸ್ಸು ಮಾಡಬೇಕು, ಎರಡನೆಯದಕ್ಕೆ ನಾವು ಮನಸ್ಸು ಮಾಡಿದರೆ ಸಾಕು.